ಲಾಭವಿಲ್ಲದ ಅಂಗಡಿ

"ಮಾವ, ಟ್ವಿಟರ್ ಬಿಟ್ಟೆ. ಅದರಂಥದ್ದೇ ಮಾಸ್ಟೊಡಾನ್ ಸೇರಿದೆ. ಜಾಹೀರಾತಿಲ್ಲ, ಮಾಲೀಕನ ಕಾಟವಿಲ್ಲ."

"ಕರೆಂಟ್ ಬಿಲ್ ಯಾರು ಕಟ್ತಾರೋ?"

"ದೇಣಿಗೆ! 2016ರಲ್ಲಿ ಜರ್ಮನಿಯಲ್ಲಿ ಯೂಜೆನ್ ರೋಚ್ಕೊ ಅನ್ನೋನು ಶುರು ಮಾಡಿದ್ದು. ಸರ್ವರ್ ಯಾರು ಬೇಕಾದ್ರೂ ಇಟ್ಕೋಬಹುದು."

"ನೀನಿರೋದನ್ನ ಯಾರು ಇಟ್ಟಿದಾರೆ?"

"ಯಾರೋ ಪುಣ್ಯಾತ್ಮ. ಹಗಲು ಆಫೀಸು, ರಾತ್ರಿ ನಮ್ಮ ಬೈಗುಳ ಅಳಿಸೋ ಕೆಲಸ."

"ಸಂಬಳ?"

"ಸೇವೆ, ಮಾವ!"

"ಅವನ ಹೆಂಡತಿ ಏನಂತಾಳೆ?"

"ಅದು ಪ್ರೊಫೈಲಿನಲ್ಲಿಲ್ಲ."

(ಮಾವ ಸಹಕಾರ ಸಂಘದ ಖಜಾಂಚಿಯಾಗಿದ್ದವರು. ಇಷ್ಟಕ್ಕೆ ಬಿಡುವವರಲ್ಲ.)

"ಜರ್ಮನಿ ಸರ್ಕಾರವಾದ್ರೂ ಈ ಮಾಸ್ಟೊಡಾನನ್ನ ಧರ್ಮಸಂಸ್ಥೆ ಅಂತ ಒಪ್ಕೊಂಡಿದೆಯೋ?"

"2021ರಲ್ಲಿ ಒಪ್ಕೊಂಡಿತ್ತು. 2024ರಲ್ಲಿ ಆ ಮಾನ್ಯತೆ ಕಿತ್ಕೊಂಡಿತು."

"ಅಂದ್ರೆ ಲಾಭವೂ ಇಲ್ಲ, ಧರ್ಮವೂ ಇಲ್ಲ!"

"ಸಿಗ್ನಲ್ ಅನ್ನೋ ಮೆಸೇಜ್ ಆ್ಯಪ್ ಇದೆಯಲ್ಲ ಮಾವ, ಅದೂ ಲಾಭಕ್ಕಲ್ಲ. ಗಟ್ಟಿಯಾಗಿ ನಿಂತಿದೆ. 2018ರಲ್ಲಿ ಬ್ರಯಾನ್ ಆಕ್ಟನ್ ಅನ್ನೋನು 5 ಕೋಟಿ ಡಾಲರ್ ಕೊಟ್ಟ."

"ಅಷ್ಟು ದುಡ್ಡು ಅವನಿಗೆ ಎಲ್ಲಿಂದ ಬಂತು?"

"ವಾಟ್ಸಾಪನ್ನ ಫೇಸ್‌ಬುಕ್‌ಗೆ ಮಾರಿದ್ದ."

"ಓಹೋ! ಧರ್ಮಛತ್ರ ಕಟ್ಟಿಸೋಕೆ ಮೊದಲು ಸಾರಾಯಿ ಕಂಟ್ರಾಕ್ಟು ಹಿಡೀಬೇಕು ಅನ್ನು."

"ನಿಮಗೆ ಎಲ್ಲದರಲ್ಲೂ ಕೊಂಕು."

"ಹೋಗಲಿ, ಆ ಪುಣ್ಯಾತ್ಮನಿಗೆ ನೀನೆಷ್ಟು ಕೊಟ್ಟೆ?"

"ಕೊಡ್ತೀನಿ ಮಾವ. ಅಕೌಂಟ್ ನಂಬರು ವಾಟ್ಸಾಪಿಗೆ ಹಾಕಿ ಅಂದಿದೀನಿ."