ನಡುನಡುವೆ ನಮಃ ಶಿವಾಯ

ನಮ್ಮ ಬಸವನ ಬಾಗೇವಾಡಿ ಕಡೆ ದೇವರ ಹೆಸರು ಬಾಯಲ್ಲಿ ಬರಲು ಜಪಕ್ಕೇ ಕೂಡಬೇಕೆಂದಿಲ್ಲ. ಬಾಗಿಲಲ್ಲಿ ನಿಂತು ಮಗನನ್ನು ಬೈದರೂ ಆಯಿತು. ‘ಏ ಬಸ್ಯಾ, ಎಲ್ಲಿ ಹಾಳಾಗಿ ಹೋದ್ಯೋ’ ಎಂದು ಒಬ್ಬ ತಾಯಿ ಕೂಗಿದರೆ ಓಣಿಯ ನಾಲ್ಕು ಮನೆಗಳಿಂದ ಬಸ್ಯಾಗಳು ಇಣುಕುತ್ತಾರೆ. ಸಿಂದಗಿ ಕಡೆ ಗೋಲಗೇರಿಯ ಗೊಲ್ಲಾಳೇಶ್ವರನ ದಯದಿಂದ ಮನೆಮನೆಗೂ ಗೊಲ್ಲಾಳಪ್ಪ. ಇಂಡಿಯಲ್ಲಿ ಶಾಂತೇಶ್ವರನ ಶಾಂತಪ್ಪ, ಲಚ್ಯಾಣದ ಸುತ್ತ ಸಿದ್ಧಲಿಂಗ ಮಹಾರಾಜರ ಸಿದ್ಲಿಂಗ. ಮುದ್ದೇಬಿಹಾಳ, ನಿಡಗುಂದಿ ಕಡೆಯ ಕೃಷ್ಣಾ ದಂಡೆಗೆ ಹೋದರೆ ಯಲಗೂರ ಹನುಮಪ್ಪ ತನ್ನ ಊರಿನ ಹೆಸರನ್ನೇ ಮಕ್ಕಳಿಗೆ ಇಟ್ಟುಬಿಟ್ಟಿದ್ದಾನೆ: ಯಲಗೂರಪ್ಪ, ಯಲಗೂರೇಶ. ಅಜಾಮಿಳ ಸಾಯುವ ಹೊತ್ತಿನಲ್ಲಿ ಮಗ ನಾರಾಯಣನನ್ನು ಕರೆದು ಅಚಾನಕ್ಕಾಗಿ ಪಾರಾದ. ನಮ್ಮ ಅವ್ವಂದಿರು ಅಚಾನಕ್ಕನ್ನು ನಂಬಿ ಕೂತವರಲ್ಲ, ತೊಟ್ಟಿಲಲ್ಲಿ ಹೆಸರಿಡುವಾಗಲೇ ಸೋಯ ಮಾಡಿಕೊಂಡಿದ್ದಾರೆ. ಹೆಸರಿನ ಹಿಂದೆ ಮುಂದೆ ಸೇರುವ ಬೈಗುಳವನ್ನು ಮೇಲಿನವನು ಲೆಕ್ಕಕ್ಕೆ ಹಿಡಿಯಲಾರ ಎಂದೇ ನನ್ನ ನಂಬಿಕೆ. ಹಿಡಿದಿದ್ದರೆ ನಮ್ಮ ಓಣಿಯೊಳಗೆ ಯಾರಿಗೂ ಗತಿ ಇರುತ್ತಿರಲಿಲ್ಲ.

ಹಾಗೆಂದು ಕೂತು ಮಾಡುವ ಜಪ ಇಲ್ಲವೆಂದಲ್ಲ. ನಮ್ಮ ಆಯಿ ನಸುಕಿನಲ್ಲಿ ಎದ್ದು ಮೈ ತೊಳೆದುಕೊಂಡು, ಹಣೆ ತುಂಬ ಈಬತ್ತಿ ಬಳಿದುಕೊಂಡು, ಜಗಲಿಯ ಮುಂದೆ ಜಪಸರ ಹಿಡಿದು ಕೂಡುತ್ತಿದ್ದಳು. ಕೂತದ್ದು ದೇವರ ಕಡೆ ಮುಖ ಮಾಡಿ. ಕಿವಿ ಮಾತ್ರ ಅಡಿಗೆಮನೆ, ದನದ ಮನೆ, ತಲಬಾಗಿಲು, ಈ ಮೂರಕ್ಕೂ ಹಂಚಿಹೋಗಿರುತ್ತಿತ್ತು. ‘ಓಂ ನಮಃ ಶಿವಾಯ, ಓಂ ನಮಃ ಶಿವಾಯ, ಬೆಕ್ಕ ಒಳಗ ಹೋತ ನೋಡ್ರೇ, ಓಂ ನಮಃ ಶಿವಾಯ, ಆ ಹುಡುಗನ್ನ ಎಬ್ಬಸ್ರಿ ಸಾಲಿಗಿ ಹೊತ್ತಾತು, ಓಂ ನಮಃ ಶಿವಾಯ, ಯಾರಂವ ಬಾಗಲದಾಗ, ನಿನ್ನೀನ ರೊಕ್ಕ ಇಸಗೋರಿ ಅವನ ಕಡಿಂದ.’ ಇಷ್ಟಾದರೂ ಬೆರಳು ನಿಲ್ಲುತ್ತಿರಲಿಲ್ಲ. ಬೆಕ್ಕಿಗೆ ಒಂದು ಮಣಿ, ರೊಕ್ಕಕ್ಕೆ ಎರಡು. ಜಪದ ನಡುವೆ ಬೆಕ್ಕಿನ ಮಾತು ಯಾಕೆ ಎಂದು ಒಮ್ಮೆ ಕೇಳಿದೆ. ‘ಹಾಲೆಲ್ಲಾ ಬೆಕ್ಕಿಗಿ ಕುಡಿಸಿ ಶಿವಗ ಬರೇ ನೀರ ಹಿಡೀಲೇನು?’ ಎಂದಳು. ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಜಗಲಿಯದೂ ಒಂದು ದೊಡ್ಡ ಸಂಸಾರವೇ. ಲಿಂಗವನ್ನು ಅಂಗೈಯಲ್ಲೇ ಪೂಜಿಸಿರಿ ಎಂದ ಬಸವಣ್ಣ ಹುಟ್ಟಿದ ಊರು ನಮ್ಮದು. ಗುಡಿಗೆ ಹೋಗುವ ಜರೂರಿಲ್ಲ, ಜಗಲಿಯ ಜರೂರೂ ಇಲ್ಲ. ಆದರೂ ನಮ್ಮ ಮನೆಯಲ್ಲಿ ಶ್ರೀಶೈಲದ ಮಲ್ಲಯ್ಯ, ಸವದತ್ತಿಯ ಎಲ್ಲಮ್ಮ, ಪಂಢರಪುರದ ವಿಠ್ಠಲ, ಯಲಗೂರ ಹನುಮಪ್ಪ ಎಲ್ಲರೂ ಒಬ್ಬರ ಭುಜಕ್ಕೊಬ್ಬರು ಒರಗಿ ನಿಂತಿದ್ದಾರೆ. ಯಾವ ವರ್ಷ ಯಾರು ಜಾತ್ರೆಗೆ ಹೋಗಿ ಬಂದರು ಎಂಬುದರ ದಫ್ತರ ಅದು. ಇತ್ತೀಚೆಗೆ ಸೇರಿದ್ದು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಫೋಟೋ. 2023ರ ಜನವರಿ 2ರಂದು ಲಿಂಗೈಕ್ಯರಾದ ಅವರು, ತಮ್ಮ ದೇಹವನ್ನು ಸುಡಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ‘ಕಟ್ಟಬ್ಯಾಡ್ರಿ ಅಂದಾರ, ಮಳಿ ಹೊಡದು ಫೋಟೋ ಹಾಕಬ್ಯಾಡ್ರಿ ಅಂದಿಲ್ಲಲ್ಲ’ ಎಂಬುದು ಕಾಕಿಯ ವಾದ. ಯಾವ ವಕೀಲನೂ ಇದಕ್ಕೆ ಉತ್ತರ ಕೊಡಲಾರ.

ಇಂಡಿಯಲ್ಲಿರುವ ನಮ್ಮ ಸೋದರಮಾವನ ಪೂಜೆಯ ರೀತಿಯೇ ಬೇರೆ. ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈ ಮೇಲೆ ಇಟ್ಟುಕೊಂಡು, ನೀರೆರೆದು, ಈಬತ್ತಿ ಧರಿಸಿ, ಪತ್ರಿ ಏರಿಸಿದ ಮೇಲೆ ಮುಗಿಯುವತನಕ ಮಾತಿಲ್ಲ. ನೋಟ ಲಿಂಗದ ಮೇಲೆ. ಎಡಗೈ ಎತ್ತಿ ಸನ್ನೆ ಮಾಡುವಂತಿಲ್ಲ, ಬಲಗೈಯಲ್ಲಿ ರುದ್ರಾಕ್ಷಿ. ಆದರೆ ಮಾವ ಬೆಳೆಯುವ ಲಿಂಬೆಯ ಪೇಟೆಗೆ ಇದೆಲ್ಲ ಗೊತ್ತೇ? ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಮಾವನ ಫೋನಿಗೆ ಸಮಾಧಾನ ಸಿಗಲಿಲ್ಲ. ಸರಿಯಾಗಿ ಪತ್ರಿ ಏರಿಸುವ ಹೊತ್ತಿಗೆ ದಲಾಲಿ ಫೋನ್ ಮಾಡುತ್ತಾನೆ. ಅತ್ತಿ ಫೋನೆತ್ತಿ, ಅವನು ಹೇಳಿದ ದರ ಗಟ್ಟಿಯಾಗಿ ಹೇಳುತ್ತಾಳೆ. ಮಾವ ಮೂಗಿನಿಂದ ‘ಹ್ಞೂಂ’ ಅನ್ನುತ್ತಾನೆ. ಗಿಡ್ಡ ಹ್ಞೂಂ ಎಂದರೆ ಆಗಲಿ, ಉದ್ದನೆಯದು ಬ್ಯಾಡ, ಎರಡು ಸಲ ಬಂದರೆ ಇನ್ನೂ ಏರಿಸಿ ಕೇಳು. ಗಂಟಲ ತಳದಿಂದ ಬರುವ ನಾಲ್ಕನೆಯ ನಮೂನೆ ಒಂದಿದೆ. ಅದು ಅತ್ತಿಗೇ, ಆ ವಿವರ ಇಲ್ಲಿ ಬೇಡ. ಮೌನವಂತೂ ಇದುವರೆಗೆ ಮುರಿದಿಲ್ಲ.

ಇಂಥ ಪೂಜೆಗಳನ್ನು ನೋಡಿ ನಗುವವರಿಗೆ ನಾನು ಗೋಲಗೇರಿಯ ಕತೆ ಹೇಳುತ್ತೇನೆ. ಗೊಲ್ಲಾಳ ಕುರಿ ಕಾಯುವ ಹುಡುಗ. ಶ್ರೀಶೈಲಕ್ಕೆ ಹೊರಟವರೊಬ್ಬರ ಕೈಯಲ್ಲಿ, ಬರುವಾಗ ನನಗೊಂದು ಲಿಂಗ ತನ್ನಿರಿ ಎಂದು ಹೇಳಿ ಕಳಿಸಿದ. ಹೋದವರು ಮರೆತರು. ಜಾತ್ರೆಗೆ ಹೋದವರ ಕೈಯಲ್ಲಿ ಏನಾದರೂ ತರಿಸಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹುಡುಗ ಎದುರಿಗೆ ಬಂದಾಗ ಅವರು ನೆಲದ ಮೇಲೆ ಬಿದ್ದಿದ್ದ ಕುರಿ ಹಿಕ್ಕೆಯನ್ನೇ ಎತ್ತಿ ಇದೇ ಲಿಂಗ ಎಂದು ಕೊಟ್ಟುಬಿಟ್ಟರು. ಗೊಲ್ಲಾಳ ಅದನ್ನು ನಂಬಿ, ಕುರಿಯ ಹಾಲೆರೆದು ಪೂಜಿಸಿದ. ಹಾಲು ಮಣ್ಣುಪಾಲಾಗುತ್ತಿದೆ ಎಂದು ಮನೆಯವರಿಗೆ ಸಿಟ್ಟು ಬಂತು. ಕಡೆಗೆ ಹಿಕ್ಕೆಯೇ ಲಿಂಗವಾಯಿತು, ಕುರುಬರ ಹುಡುಗ ಗೊಲ್ಲಾಳೇಶ್ವರನಾದ. ಮಡಿ ಹಾಗಿರಬೇಕು, ಉಚ್ಚಾರ ಹೀಗಿರಬೇಕು ಎಂದು ಉಪದೇಶಕ್ಕೆ ನಿಲ್ಲುವವರನ್ನು ಕಂಡರೆ ನನಗೆ ಆ ಹಿಕ್ಕೆಯೇ ಮೊದಲು ನೆನಪಾಗುತ್ತದೆ.

ಅಡ್ಡಮಾತಿಲ್ಲದೆ ಕೂಡಬಲ್ಲವರೂ ನಮ್ಮ ಸೀಮೆಯಲ್ಲಿ ಇದ್ದರು. ಮೊದಲು ಇಂಡಿ ತಾಲೂಕಿನಲ್ಲೇ ಇದ್ದ ಇಂಚಗೇರಿಯ ಮಠದ ಸಂಪ್ರದಾಯದಲ್ಲಿ ನಾಮಸ್ಮರಣೆಗೆ ಕೂಡುವುದನ್ನು ‘ನೇಮ’ ಎನ್ನುತ್ತಾರೆ. 1914ರಲ್ಲಿ ತೀರಿಕೊಂಡ ಭಾವುಸಾಹೇಬ ಮಹಾರಾಜರು ರಾತ್ರಿಯೆಲ್ಲ ನಿಂತೇ ನೇಮ ಮಾಡುತ್ತಿದ್ದರಂತೆ. ತೂಕಡಿಕೆ ಬಂದರೆ ಎಳೆದು ಎಬ್ಬಿಸಲಿ ಎಂದು ಜುಟ್ಟಿಗೆ ಹಗ್ಗ ಕಟ್ಟಿಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಅವರ ಶಿಷ್ಯರು ಜಮಖಂಡಿಯ ರಾಮಚಂದ್ರ ದತ್ತಾತ್ರೇಯ ರಾನಡೆ. 1901ರಲ್ಲಿ, ಇನ್ನೂ ಸಾಲಿ ಹುಡುಗನಾಗಿದ್ದಾಗಲೇ ನಾಮ ಪಡೆದರು, ಮರುವರ್ಷ ಮೆಟ್ರಿಕ್ ಪಾಸಾದರು. (ಈ ಎರಡು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಹುಡುಗರನ್ನು ಜಗಲಿಯ ಮುಂದೆ ಕೂಡಿಸುವ ತಂದೆತಾಯಿ ನಮ್ಮಲ್ಲಿ ಬಹಳ.) ಮುಂದೆ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಅಲಹಾಬಾದ ವಿಶ್ವವಿದ್ಯಾಲಯದ ಕುಲಪತಿಯೂ ಆದ ಅವರು ನೇಮಕ್ಕೆಂದು ಆರಿಸಿಕೊಂಡದ್ದು ಸೋಲಾಪುರ ರೈಲು ದಾರಿಯ ಮೇಲಿನ ನಿಂಬಾಳವನ್ನು. 1957ರಲ್ಲಿ ಅಲ್ಲೇ ದೇಹ ಬಿಟ್ಟರು. ನಿಂಬಾಳದ ಆಶ್ರಮಕ್ಕೆ ಹೋದರೆ ಆ ಬಯಲು, ಆ ಗಾಳಿ ಕಂಡು ನನಗೂ ನೇಮಕ್ಕೆ ಕೂಡಬೇಕೆನಿಸುತ್ತದೆ. ಕೂತ ಸ್ವಲ್ಪ ಹೊತ್ತಿಗೆ ಹಗ್ಗದ ಮಹತ್ವ ತಿಳಿಯುತ್ತದೆ.

ಸಂಸಾರದೊಳಗೆ ಇದ್ದೇ ಅಡ್ಡಮಾತು ತಪ್ಪಿಸಿಕೊಂಡ ಜಾಣತನ ನೋಡಬೇಕಾದರೆ ನವರಾತ್ರಿಯಲ್ಲಿ ಬರಬೇಕು. ಚಿದಾನಂದಾವಧೂತರ ದೇವಿ ಮಹಾತ್ಮೆಯನ್ನು ಆಗ ನಮ್ಮ ಕಡೆ ಮನೆಮನೆಯಲ್ಲಿ ಪಾರಾಯಣ ಮಾಡುತ್ತಾರೆ. ಹಿಡಿದ ಅಧ್ಯಾಯ ಮುಗಿಯದೆ ಏಳಬಾರದು, ನಡುವೆ ಮಾತಾಡಬಾರದು ಎಂಬುದು ಕಟ್ಟಳೆ. ನಮ್ಮ ವೈನಿ ಈ ಕಟ್ಟಳೆಯನ್ನು ಪಾಲಿಸುವಷ್ಟು ನಿಷ್ಠೆಯಿಂದ ದೇವಿಯೇ ಪಾಲಿಸಿರಲಿಕ್ಕಿಲ್ಲ. ಕಾಕಿ ಅಡಿಗೆಮನೆಯಿಂದ ‘ಹಿಟ್ಟ ನಾದ ಬಾರಬೇ’ ಎಂದು ಕರೆದರೆ ವೈನಿಯ ರಾಗ ಒಂದು ಸುತ್ತು ಮೇಲೇರುತ್ತದೆ. ರಾಕ್ಷಸ ಸಾಯಲು ಬಂದಿದ್ದಾಗ ಸೊಸೆಯನ್ನು ರೊಟ್ಟಿ ಬಡಿಯಲು ಕರೆಯುವ ಧೈರ್ಯ ಯಾವ ಅತ್ತೆಗಿದೆ? ಕಾಕಿಯೇ ಹಿಟ್ಟು ನಾದಿಕೊಳ್ಳುತ್ತಾಳೆ. ಬೇಕೆಂದೇ ಆ ಹೊತ್ತಿಗೆ ವೈನಿ ದೊಡ್ಡ ಅಧ್ಯಾಯ ಹಿಡಿಯುತ್ತಾಳೆಂಬ ಗುಮಾನಿ ಅವಳಿಗಿದೆ. ಗುಮಾನಿ ನನಗೂ ಇದೆ. ಆದರೆ ವರ್ಷವೆಲ್ಲ ಕರೆದ ಕೂಡಲೇ ಏಳುವ ಹೆಣ್ಣುಮಗಳಿಗೆ ಒಂಬತ್ತು ದಿನ ಏಳಬೇಡ ಎಂದವನು ಯಾರೇ ಇರಲಿ, ಸಂಸಾರ ಬಲ್ಲವನು.

ಆಯಿಯ ಕಡೆಗಾಲದಲ್ಲಿ ಪುಣೆಯಿಂದ ಬಂದ ಮೊಮ್ಮಗ ಒಂದು ಮಂತ್ರದ ಡಬ್ಬಿ ತಂದ. ಪ್ಲಗ್ಗಿಗೆ ಸಿಗಿಸಿದರೆ ಸಾಕು, ಹಗಲೂ ರಾತ್ರಿ ‘ಓಂ ನಮಃ ಶಿವಾಯ’. ದನಿ ಇಂಪಾಗಿತ್ತು, ಉಚ್ಚಾರ ತಪ್ಪಿಲ್ಲ, ಬೆಕ್ಕಿನ ಸುದ್ದಿ ಇಲ್ಲ. ಆಯಿ ಎರಡು ದಿನ ಸಹಿಸಿದಳು. ಮೂರನೆಯ ದಿನ, ‘ಇದಕ್ಕ ಉಸರ ಹತ್ತಂಗಿಲ್ಲೇನ? ಒಂದ ಗುಟುಕು ಚಹಾನರ ಕುಡಿಯೂದು ಬ್ಯಾಡಾ?’ ಎಂದು ಪ್ಲಗ್ ಕೀಳಿಸಿದಳು. ಮಂತ್ರದ ಡಬ್ಬಿಯನ್ನು ಬಿಸಾಡಲು ಯಾರಿಗೂ ಮನಸ್ಸು ಬರಲಿಲ್ಲ, ಕಾಕಾ ಒಯ್ದು ದನದ ಮನೆಯಲ್ಲಿ ತೂಗುಹಾಕಿದ. ಕರೆಂಟ್ ಇದ್ದಾಗಲೆಲ್ಲ ಈಗಲೂ ಅಲ್ಲಿ ನಡೆದಿದೆ. ಎಮ್ಮೆಗಳು ನಡುವೆ ಮಾತಾಡದೆ ಕೇಳುತ್ತವೆ. ಹಾಲು ಮಾತ್ರ ಮೊದಲಿನಷ್ಟೇ ಎಂದು ಕಾಕಾನ ತಕರಾರು.