ಚರ್ಚು ಕಟ್ಟುವ ವಿಧಾನ: ಯಡಿಯೂರು ಆವೃತ್ತಿ

ಬೇಕಾಗುವ ಸಾಮಗ್ರಿ: ಬೆಂಗಳೂರಿನ ಯಡಿಯೂರು ಕೆರೆಯ ಆಸುಪಾಸಿನಲ್ಲಿ ಒಂದು ನಿವೇಶನ, ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆ, ಅದರ ಪಾದ್ರಿಗಳಾದ ಅಯ್ಯನವರು, ಕಟ್ಟಡ ಸಮಿತಿ, ಚಹಾ, ಉದ್ದಿನವಡೆ. ಸಿಮೆಂಟು, ಕಬ್ಬಿಣದ ಮಾತು ಸದ್ಯಕ್ಕೆ ಬೇಡ. ಅವು ಬಂದಿಳಿಯುವ ಹೊತ್ತಿಗೆ ಈಗ ಸಂಡೇ ಸ್ಕೂಲಿನಲ್ಲಿರುವ ಮಕ್ಕಳು ಸಮಿತಿಗೆ ಆಯ್ಕೆಯಾಗಿರುತ್ತಾರೆ.

ಮೊದಲು ಪ್ರಾರ್ಥನೆ. ಚುಟುಕಾಗಿ ಮಾಡುವವರನ್ನೇ ಕರೆಯಿರಿ. ಕೆಲವು ಹಿರಿಯರು ಕಣ್ಣು ಮುಚ್ಚಿಕೊಂಡೇ ಬಾಲ್ಕನಿ, ಬೇಸ್‌ಮೆಂಟು, ಗೋಪುರದ ಎತ್ತರವನ್ನೆಲ್ಲ ದೇವರಿಗೆ ವಿವರವಾಗಿ ಒಪ್ಪಿಸಿಬಿಡುತ್ತಾರೆ. ಆಮೇಲೆ ‘ಆಮೆನ್’ ಅಂದವರೆಲ್ಲ ಪ್ಲಾನಿಗೆ ಸಹಿ ಹಾಕಿದಂತೆ.

ಎರಡನೆಯದಾಗಿ, ಹೊಸ ಚರ್ಚು ಹೇಗಿರಬೇಕೆಂದು ಸಭೆಯನ್ನು ಕೇಳಿ. ಯಾರೂ ಹೊಸ ಚರ್ಚಿನ ಬಗ್ಗೆ ಹೇಳುವುದಿಲ್ಲ. ಎಲ್ಲರೂ ತಮ್ಮ ಊರಿನದನ್ನೇ ಹೇಳುತ್ತಾರೆ. ಮೈಸೂರಿನಿಂದ ಬಂದವರಿಗೆ ವೆಸ್ಲಿ ಚರ್ಚಿನಂಥದ್ದೇ ಆಗಬೇಕು. ಮಂಗಳೂರಿನವರಿಗೆ ಹೆಂಚು ಬೇಕು. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಇತಿಹಾಸವೂ ಜೊತೆಗೆ ಬರುತ್ತದೆ. ಬಳ್ಳಾರಿಯವರು ಗೋಡೆ ದಪ್ಪವಿರಲಿ, ಬಿಸಿಲು ಅನ್ನುತ್ತಾರೆ. ಇದು ಬೆಂಗಳೂರು ಅಂದರೆ ಈಗ ಎಲ್ಲಿಯ ಬೆಂಗಳೂರು ಅನ್ನುತ್ತಾರೆ, ಅದೂ ನಿಜವೇ. ಪೇಟೆಯ ಹಳಬರು ಹಡ್ಸನ್ ಸರ್ಕಲ್ಲಿನ 1904ರ ಚರ್ಚನ್ನು ಬೆರಳು ಮಾಡಿ ತೋರಿಸಿ ಸುಮ್ಮನಾಗುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಯುವಜನ ಸಂಘದವರಿಗೆ ನೆನಪಿಸಿಕೊಳ್ಳಲು ಬೇರೆ ಊರಿಲ್ಲ, ಹಾಗಾಗಿ ಅವರು ಎಸಿ ಮತ್ತು ಪ್ರೊಜೆಕ್ಟರ್ ಕೇಳುತ್ತಾರೆ.

ಆರ್ಕಿಟೆಕ್ಟ್ ಇದನ್ನೆಲ್ಲ ಬರೆದುಕೊಳ್ಳಲಿ. ಯಾವುದೂ ಹೊಂದುವುದಿಲ್ಲ ಎಂದು ಅವರು ಹೇಳಿದಾಗ ಎದೆಗುಂದಬೇಡಿ. ದಕ್ಷಿಣ ಭಾರತದ ಸಭೆಗಳನ್ನು ಒಂದು ಮಾಡುವ ಮಾತು 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾಗಿ, ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ. ಬಿಷಪ್ಪರು ಇರಬೇಕೋ ಬೇಡವೋ ಎಂಬಂಥ ಮಾತಿಗೆ 28 ವರ್ಷ ಹಿಡಿದಿರುವಾಗ, ನಿಮ್ಮ ಬಾಲ್ಕನಿ ಜಗಳಕ್ಕೆ ನಾಲ್ಕು ಭಾನುವಾರ ಏನು ಮಹಾ?

ಈ ಗದ್ದಲದ ನಡುವೆ ಸ್ತ್ರೀ ಸಂಘದಿಂದ ಒಬ್ಬರು ಎದ್ದು, “ಅಯ್ಯನವರೇ, ಅಡುಗೆಮನೆ ಎಲ್ಲಿ?” ಅನ್ನುತ್ತಾರೆ. ಪ್ಲಾನಿನಲ್ಲಿ ಅಡುಗೆಮನೆ ಇರುವುದಿಲ್ಲ. ಇಡೀ ಸಭೆಯಲ್ಲಿ ಕಟ್ಟಡದ ಬಗ್ಗೆ ಕೇಳಿದ ಪ್ರಶ್ನೆ ಅದೊಂದೇ. ಕಾರ್ಯದರ್ಶಿ ಅದನ್ನು ‘ಇತರ ವಿಷಯಗಳು’ ಅಡಿಯಲ್ಲಿ ಬರೆಯುತ್ತಾರೆ, ಬರೆಯಲು ಬಿಡಬೇಡಿ.

ಅಳತೆಯ ವಿಷಯದಲ್ಲಿ ಬೈಬಲನ್ನು ನಂಬಬಹುದು, ಆದರೆ ಪೂರ್ತಿಯಾಗಿ ಅಲ್ಲ. ಸೊಲೊಮೋನನ ದೇವಾಲಯ 60 ಮೊಳ ಉದ್ದ, 20 ಮೊಳ ಅಗಲ. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ 2,700 ಚದರ ಅಡಿ, ಅಂದರೆ ಜಯನಗರದ ಕಡೆಯ 60×40 ನಿವೇಶನಕ್ಕಿಂತ ತುಸು ದೊಡ್ಡದು. ಅದನ್ನು ಕಟ್ಟಿದ್ದು ಏಳು ವರ್ಷ. ಕಟ್ಟುವಾಗ ಸುತ್ತಿಗೆಯ ಸದ್ದೇ ಕೇಳಲಿಲ್ಲವಂತೆ. ಪಕ್ಕದ ಮನೆಯವರು ದೂರು ಕೊಡಲು ಬಂದಾಗ ಈ ಭಾಗವನ್ನು ಮಾತ್ರ ಎತ್ತಬೇಡಿ. ಸೊಲೊಮೋನ ಪಾರ್ಕಿಂಗ್ ಎಲ್ಲಿ ತೋರಿಸಿದ್ದನೆಂದು ಎಲ್ಲೂ ಬರೆದಿಲ್ಲ. ಇಂದಿನ ಪಾಲಿಕೆಯಲ್ಲಿ ಅವನ ಪ್ಲಾನು ಪಾಸಾಗುತ್ತಿರಲಿಲ್ಲ.

ಪಾಲಿಕೆ ಅಂದೆ. ಯಾವ ಪಾಲಿಕೆ ಎಂದು ಮೊದಲು ವಿಚಾರಿಸಿಕೊಳ್ಳಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಅಲ್ಲಿಗೆ ಹೋಗುವ ಮುನ್ನ ಮಿಷನ್ ರಸ್ತೆಯ ಡಯಾಸಿಸ್ ಕಚೇರಿಗೂ ಹೋಗಬೇಕು. ಕಾಗದದ ಮೇಲೆ ಆಸ್ತಿಯ ಒಡೆತನ ಚೆನ್ನೈಯಲ್ಲಿ ಕೇಂದ್ರ ಕಚೇರಿ ಇರುವ ಸಿಎಸ್‌ಐ ಟ್ರಸ್ಟ್ ಅಸೋಸಿಯೇಶನ್ನಿನದು. ‘ನಮ್ಮ ಜಾಗ’ ಎಂದು ಮೈಕಿನಲ್ಲಿ ಗುಡುಗಿದವರಿಗೆ ಇದನ್ನು ಮೆಲ್ಲಗೆ ತಿಳಿಸಿ, ಚಹಾ ಕೊಟ್ಟ ಮೇಲೆ.

ಎಚ್ಚರಿಕೆ: ಕಟ್ಟಿ ಮುಗಿಯಿತು ಎಂದು ಯಾವತ್ತೂ ಘೋಷಿಸಬೇಡಿ. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಶುರುವಾದದ್ದು 1808ರಲ್ಲಿ. ಅದು 1923ರಲ್ಲಿ ಬೆಂಕಿಗೆ ಸಿಕ್ಕಿತು. ಮತ್ತೆ ಬಾಗಿಲು ತೆರೆದದ್ದು 1927ರಲ್ಲಿ.

ಹಣ. ಬೈಬಲಿನಲ್ಲಿ ದೇವದರ್ಶನದ ಗುಡಾರಕ್ಕೆ ಜನ ತಂದ ಕಾಣಿಕೆ ಹೆಚ್ಚಾಗಿ, ಇನ್ನು ಸಾಕು, ತರಬೇಡಿ ಎಂದು ಮೋಶೆ ಸಾರಿಸಬೇಕಾಯಿತು. ಖಜಾಂಚಿಗಳು ಬೇಜಾರಾದಾಗಲೆಲ್ಲ ಓದುವ ಅಧ್ಯಾಯ ಇದು. ನೀವು ಸುಗ್ಗಿ ಹಬ್ಬದ ಹರಾಜನ್ನು ನಂಬಿ. ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡಿ ತಂದ ಕುಂಬಳಕಾಯಿಯನ್ನೇ ಅಂಕಲ್ ಒಬ್ಬರು ಹತ್ತು ಪಟ್ಟು ಬೆಲೆಗೆ ಕೂಗುತ್ತಾರೆ, ಎದುರಿಗೆ ಬೀಗರು ಕೂಗುತ್ತಿದ್ದರೆ ಇಪ್ಪತ್ತು ಪಟ್ಟು. ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸುವುದು ಕಾರ್ಯದರ್ಶಿಯ ಕೆಲಸ.

ಕೊನೆಗೆ ಹೆಸರು. ಬೆಂಗಳೂರಿನ ಹಳೆಯ ಮಿಷನರಿಗಳಾದ ಹಡ್ಸನ್, ರೈಸ್ ಇಬ್ಬರ ಹೆಸರಿನ ಚರ್ಚುಗಳೂ ಎದ್ದದ್ದು ಅವರು ತೀರಿಕೊಂಡ ಮೇಲೆ. ಜಾಣತನದ ಕ್ರಮ, ಬದುಕಿರುವವರಲ್ಲಿ ಯಾರಿಗೂ ಹೊಟ್ಟೆಕಿಚ್ಚಿಲ್ಲ. ದಾನಿಗಳ ಫಲಕಕ್ಕೆ ಮಾತ್ರ ಈ ಉಪಾಯ ನಡೆಯದು. ಗಂಟೆ, ಬೆಂಚು, ಪ್ರಸಂಗಪೀಠ, ಫ್ಯಾನಿನ ರೆಕ್ಕೆಗೂ ಹೆಸರು ಬರೆಸಲು ಜನ ಮುಂದೆ ಬರುತ್ತಾರೆ. ಶೌಚಾಲಯಕ್ಕೆ ಯಾರೂ ಬರುವುದಿಲ್ಲ. ಅಪ್ಪಿತಪ್ಪಿ ಒಬ್ಬರು ಬಂದು, ದುಡ್ಡು ಕೊಟ್ಟು, ಹೆಸರು ಬೇಡ ಅಂದರೆ, ಅವರು ಮನೆಗೆ ಹೊರಡುವ ಮುನ್ನ ಹಿಡಿದು ನಿಲ್ಲಿಸಿ ಕಟ್ಟಡ ಸಮಿತಿಯ ಖಜಾಂಚಿ ಮಾಡಿ.