ಊರು ಬಿಟ್ರಿ ಸರಿ, ಬೈಯೋದು ಯಾವಾಗ ಬಿಡ್ತೀರಿ?

ನಿಜ ಹೇಳಿ, ಇವತ್ತು ಬೆಳಗಿಂದ ಬೆಂಗಳೂರನ್ನ ಎಷ್ಟು ಸಲ ಬೈದ್ರಿ? ವಾಕಿಂಗ್‌ನಲ್ಲಿ ಒಂದ್ಸಲ, ಪೇಪರ್ ಬಿಡಿಸಿದಾಗ ಒಂದ್ಸಲ, ಹಾಲಿನವನ ಹತ್ರ ಚಿಲ್ಲರೆ ಇಸ್ಕೊಳ್ಳುವಾಗ ಇನ್ನೊಂದ್ಸಲ. ಬೈಯಿರಿ, ಬೇಡ ಅನ್ನೋಕೆ ನಾನ್ಯಾರು? ನಂಗಿರೋದು ಒಂದೇ ಅನುಮಾನ. ನೀವು ಆ ಊರಿಗೆ ಕೈ ಮುಗಿದು ಮೈಸೂರಿಗೆ ಬಂದು ವರ್ಷಗಳೇ ಆದ್ವಲ್ಲ?

(ಕೋವಿಡ್ ಟೈಮಲ್ಲಿ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಕೊಂಡು ಬಂದೋರು, ರಿಟೈರ್ ಆಗಿ ಬಂದೋರು, ಅಲ್ಲಿನ ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಇಲ್ಲಿ ಸೈಟ್ ಹುಡುಕ್ತಾ ಬಂದೋರು, ಎಲ್ಲರಿಗೂ ಸೇರಿಸಿ ಕೇಳ್ತಿದೀನಿ. ಬೆಂಗಳೂರಿನ ಜೆ.ಪಿ. ನಗರದಿಂದ ಮೈಸೂರಿನ ಜೆ.ಪಿ. ನಗರಕ್ಕೆ ಬಂದ ಪುಣ್ಯಾತ್ಮರೂ ಇದ್ದಾರೆ. ಕೊರಿಯರ್ ಹುಡುಗನ ಗತಿ ದೇವರಿಗೇ ಪ್ರೀತಿ.)

ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬಂದು ನೋಡಿ. ನೋಡೋದೇನು, ನೀವೇ ಇರ್ತೀರಲ್ಲ! ಎದುರಿಗೆ ಹೆಜ್ಜಾರ್ಲೆ ರೆಕ್ಕೆ ಹರಡಿ ಎಳೆಬಿಸಿಲು ಕಾಯಿಸ್ಕೊಳ್ತಿರುತ್ತೆ, ನೀರ ಮೇಲೆ ಮಂಜು. ಇಂಥಾ ಕೆರೆಗೆ ಬೆನ್ನು ಹಾಕಿ ಕಲ್ಲುಬೆಂಚಿನ ಮೇಲೆ ಕೂತ ಮೂವರು ಮಾತಾಡ್ತಿರೋದು ಯಾವುದರ ಬಗ್ಗೆ? ಬೆಳ್ಳಂದೂರು ಕೆರೆ ನೊರೆ ಬಗ್ಗೆ.

'2015ರಲ್ಲಿ ನೊರೆಗೇ ಬೆಂಕಿ ಹತ್ಕೊಳ್ತು ಸಾರ್!' ಅಂತ ಒಬ್ಬರು. '2018ರಲ್ಲಿ ಮತ್ತೆ ಉರೀತಲ್ಲ, ಮಿಲಿಟರಿಯೋರು ಬಂದು ಆರಿಸ್ಬೇಕಾಯ್ತು' ಅಂತ ಇನ್ನೊಬ್ಬರು. ಮೂರನೆಯವರು ಸುಮ್ಮನೆ ತಲೆ ಆಡಿಸ್ತಾರೆ, ಯಾಕಂದ್ರೆ ಅವರ ಮನೆ ಇದ್ದದ್ದು ವರ್ತೂರಲ್ಲಿ, ಅವರ ನೊರೆ ಇನ್ನೂ ದೊಡ್ಡದು. ಅಷ್ಟರಲ್ಲಿ ಹೆಜ್ಜಾರ್ಲೆ ಬೇಜಾರಾಗಿ ಹಾರಿಹೋಗಿರುತ್ತೆ.

ಇನ್ನು ಸಾಯಂಕಾಲದ ಕಾರ್ಯಕ್ರಮ. ವರಾಂಡದಲ್ಲಿ ಕೂತು, ಕಾಫಿ ಲೋಟ ಪಕ್ಕಕ್ಕಿಟ್ಟು, ಫೋನಿನಲ್ಲಿ ಮ್ಯಾಪ್ ತೆಗೀತೀರಿ. ಎಲ್ಲಿಗಾದ್ರೂ ಹೊರಟಿದ್ದೀರಾ? ಎಲ್ಲಿಗೂ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ ಕೆಂಪಗಾಗಿದೆಯಾ ಅಂತ ನೋಡೋಕೆ! ಆಗಿದ್ರೆ ಮುಖಕ್ಕೆ ಅದೇನು ಕಳೆ ಬರುತ್ತೆ ಅಂತೀನಿ. 'ಏನೇ, ಬಾ ಇಲ್ಲಿ, ಮಾರತ್‌ಹಳ್ಳಿ ತನಕ ಕಡುಗೆಂಪು ಕಣೇ' ಅಂತ ಅಡುಗೆಮನೆಗೆ ಕೂಗಿ ಹೇಳೋದು ಬೇರೆ. ಅಪ್ಪಿತಪ್ಪಿ ರಸ್ತೆ ಹಸಿರಾಗಿದ್ರೆ ಪೆಚ್ಚಾಗಿ, ಇವತ್ತು ಸರ್ಕಾರಿ ರಜಾನಾ ಅಂತ ಕ್ಯಾಲೆಂಡರ್ ಕಡೆ ತಿರುಗ್ತೀರಿ.

ಹಳೇ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ನಿಂದ ಎಕ್ಸಿಟ್ ಆದ್ರಾ? ಇಲ್ಲ ತಾನೇ. ಬಿ ಬ್ಲಾಕ್ ಲಿಫ್ಟ್ ಕೆಟ್ಟ ಸುದ್ದಿ ಬಿ ಬ್ಲಾಕ್‌ನೋರಿಗಿಂತ ಮೊದಲು ನಿಮಗೆ ಗೊತ್ತಾಗುತ್ತೆ. ಕಾರಿನ ನಂಬರ್ ಇನ್ನೂ ಕೆಎ-05. 'ಒಂದೇ ರಾಜ್ಯ ಅಲ್ವಾ, ಚೇಂಜ್ ಮಾಡ್ಸೋ ಅಗತ್ಯ ಇಲ್ಲ' ಅಂತೀರಿ. ಒಪ್ಪಿದೆ. ವೋಟರ್ ಐಡಿ?

ನಿಮ್ಮ ನಿಜವಾದ ಹಬ್ಬದ ದಿನಗಳು ಯಾವುವು ಹೇಳ್ಲಾ? 2022ರ ಸೆಪ್ಟೆಂಬರ್ ಮಳೆ ಒಂದು. ಔಟರ್ ರಿಂಗ್ ರೋಡ್ ಹೊಳೆ ಆಗಿ, ಐಟಿ ಹುಡುಗ್ರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ, ಆ ವಿಡಿಯೊ ನೀವು ಕಳಿಸದೇ ಇದ್ದ ಒಂದು ಗ್ರೂಪ್ ಹೆಸರು ಹೇಳಿ ನೋಡೋಣ. ಸತ್ಯನಾರಾಯಣ ಪೂಜೆ ಪುರೋಹಿತರಿಗೂ ಹೋಗಿತ್ತು!

2024ರ ಮಾರ್ಚ್ ಇನ್ನೊಂದು. ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕ್ಯೂ ಹತ್ತಿ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆರ್ಡರ್ ಹೊರಡಿಸ್ತು. ಆ ವಾರ ನೀವು ಗೇಟಿನ ಮುಂದೆ ಪೈಪ್ ಹಿಡ್ಕೊಂಡು ಕಾರು ತೊಳೆದ ಶ್ರದ್ಧೆ ಇದೆಯಲ್ಲ, ಆಯುಧಪೂಜೆಗೂ ಹಂಗೆ ತೊಳೆದಿರಲಿಲ್ಲ. ಆಮೇಲೆ ಅಲ್ಲಿನ ಫ್ರೆಂಡ್‌ಗೆ ಫೋನು: 'ಏನಪ್ಪಾ, ಹೆಂಗಿದೀರಾ, ಸ್ನಾನಗೀನ ಆಗ್ತಿದ್ಯಾ?' (ಕಾಳಜಿ! ಆ ದನಿಯಲ್ಲಿದ್ದ ನಗು ಆ ಕಡೆ ಕೇಳಿಸಿಲ್ಲ ಅಂದ್ಕೊಂಡ್ರಾ?)

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ಊರಂಚಿನ 110 ಹಳ್ಳಿಗಳಿಗೂ ಸೇರಿಸಿ ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ವ್ಯವಸ್ಥೆ ಆಯ್ತು. ಈ ಸುದ್ದಿ ಎಷ್ಟು ಜನಕ್ಕೆ ಫಾರ್ವರ್ಡ್ ಮಾಡಿದ್ರಿ? ನೆಟ್‌ವರ್ಕ್ ಇರಲಿಲ್ಲ ಅನ್ಬೇಡಿ.

2025ರ ಆಗಸ್ಟ್ 10ರಂದು ಹಳದಿ ಮೆಟ್ರೊ ಉದ್ಘಾಟನೆ ಆಯ್ತು. ಆರ್.ವಿ. ರೋಡಿಂದ ಬೊಮ್ಮಸಂದ್ರದವರೆಗೆ, ಅದೂ ನಿಮ್ಮ ಇಷ್ಟದೇವತೆ ಸಿಲ್ಕ್ ಬೋರ್ಡ್ ಮೇಲೇ. ಅವತ್ತು ನಿಮಗೆ ಒಂದು ಗಳಿಗೆ ಎದೆ ಧಸಕ್ ಅಂತು, ಹೌದೋ ಅಲ್ವೋ? ಸಿಲ್ಕ್ ಬೋರ್ಡೇ ಸರಿಹೋದ್ರೆ ನಾವು ಬಂದದ್ದು ಯಾಕೆ? ಅಷ್ಟರಲ್ಲಿ ಪುಣ್ಯಕ್ಕೆ ಗೊತ್ತಾಯ್ತು, ಇರೋದು ಮೂರೇ ರೈಲು, 25 ನಿಮಿಷಕ್ಕೊಂದು ಅಂತ. 'ಇಪ್ಪತ್ತೈದು ನಿಮಿಷ! ಅಷ್ಟರಲ್ಲಿ ನಾವಿಲ್ಲಿ ಚಾಮುಂಡಿ ಬೆಟ್ಟ ಹತ್ತಿ ಬರ್ತೀವಿ' ಅಂದ್ರಿ. ರಾತ್ರಿ ಊಟ ಸೇರಿತು.

ಹೋಗ್ಲಿ, ಯಾಕೆ ಹಿಂಗೆ ಅಂತ ನಿಮಗೇ ಯಾವತ್ತಾದ್ರೂ ಅನ್ನಿಸಿದೆಯಾ? ಅಮೆರಿಕದ ಜ್ಯಾಕ್ ಬ್ರೆಮ್ ಅನ್ನೋ ಮನಶ್ಶಾಸ್ತ್ರಜ್ಞ 1956ರಲ್ಲೇ ನಿಮ್ಮನ್ನ ಹಿಡಿದುಹಾಕಿದ್ದಾನೆ. ಒಂದಷ್ಟು ಹೆಂಗಸರ ಮುಂದೆ ಟೋಸ್ಟರ್, ರೇಡಿಯೊ, ಕಾಫಿ ಮಾಡೋ ಮಿಷನ್ ಅಂತ ಎಂಟು ಸಾಮಾನು ಇಟ್ಟು, ಯಾವುದು ಎಷ್ಟು ಇಷ್ಟ, ಮಾರ್ಕ್ಸ್ ಹಾಕಿ ಅಂದ. ಆಮೇಲೆ ಎರಡನ್ನ ತೋರ್ಸಿ, ಒಂದು ಆರಿಸ್ಕೊಂಡು ಮನೆಗೆ ಒಯ್ಯಿರಿ ಅಂದ. ಆರಿಸಿದ ಮೇಲೆ ಎಲ್ಲಕ್ಕೂ ಇನ್ನೊಂದ್ಸಲ ಮಾರ್ಕ್ಸ್.

ಏನಾಯ್ತು ಗೊತ್ತಾ? ತಾವು ಆರಿಸಿದ್ದಕ್ಕೆ ಮಾರ್ಕ್ಸ್ ಏರಿತು, ಬಿಟ್ಟಿದ್ದಕ್ಕೆ ಇಳೀತು. ಒಂದು ಗಂಟೆ ಹಿಂದೆ ಚೆನ್ನಾಗೇ ಇದ್ದ ಟೋಸ್ಟರ್ ಪಾಪ, ಬಿಟ್ಟ ತಕ್ಷಣ ದರಿದ್ರ ಆಗ್ಹೋಯ್ತು! ಇದಕ್ಕೆಲ್ಲ ಬ್ರೆಮ್‌ನ ಗುರು ಲಿಯೋನ್ ಫೆಸ್ಟಿಂಗರ್ 1957ರಲ್ಲಿ ಒಂದು ದಪ್ಪ ಸಿದ್ಧಾಂತವನ್ನೇ ಬರೆದ. ನಮ್ಮ ಭಾಷೇಲಿ ಹೇಳೋದಾದ್ರೆ, ತೀರ್ಮಾನ ಆದಮೇಲೆ ಒಳಗೊಳಗೇ ಚುಚ್ಚೋ ಮುಳ್ಳನ್ನ ನಾವು ಬೈದೂ ಬೈದೂ ಮೊಂಡು ಮಾಡ್ತೀವಿ.

ತಡೀರಿ, ಮಜಾ ಇರೋದು ಇನ್ನು ಮುಂದೆ. ಎರಡು ಸಾಮಾನೂ ಹೆಚ್ಚುಕಮ್ಮಿ ಒಂದೇ ಸಮ ಇಷ್ಟ ಆಗಿದ್ದಾಗ, ಯಾವುದನ್ನ ಬಿಡೋದು ಅಂತ ಒದ್ದಾಡಿದ್ದಾಗಲೇ ಈ ಏರಿಳಿತ ಜಾಸ್ತಿ ಇತ್ತಂತೆ. ಮೊದಲಿಂದ್ಲೂ ಬೇಡವಾಗಿದ್ದನ್ನ ಬಿಟ್ಟೋರು ಅದರ ತಂಟೆಗೆ ಅಷ್ಟಾಗಿ ಹೋಗಲಿಲ್ಲ. ಅರ್ಥ ಆಯ್ತಾ? ನಿಮ್ಮ ಬೈಗುಳ ಜೋರಾದಷ್ಟೂ ಗುಟ್ಟು ರಟ್ಟು!

ನಂಬಿಕೆ ಬರ್ಲಿಲ್ವಾ? ಮೊದಲ ಕೆಲಸಕ್ಕೆ ಅಂತ ಹೊಸೂರಲ್ಲಿ ರೂಮು ಮಾಡ್ಕೊಂಡು ಆರೇಳು ತಿಂಗಳು ಇದ್ರಲ್ಲ, ಆ ರೂಮನ್ನ ಕೊನೇ ಸಲ ಬೈದದ್ದು ಯಾವಾಗ? ನೆನಪೇ ಇಲ್ಲ. ಅಲ್ಲಿಂದ ಹೊರಡುವಾಗ ನೀವು ತಿರುಗಿ ನೋಡಿರಲಿಲ್ಲ, ಅಷ್ಟೇ. ಬೆಂಗಳೂರು ಬಿಡುವಾಗ ಏನು ಮಾಡಿದ್ರಿ? ಲಾರಿ ಮುಂದೆ ಕಳಿಸಿ, ಖಾಲಿ ಮನೇಲಿ 'ಸ್ವಿಚ್ ಆಫ್ ಮಾಡಿದ್ನಾ ನೋಡ್ತೀನಿ' ಅಂತ ಒಬ್ಬರೇ ಒಳಗೆ ಹೋದ್ರಿ. ಒಂದು ಸ್ವಿಚ್ಚಿಗೆ ಕಾಲು ಗಂಟೆ ಬೇಕಾ?

ಇನ್ನೊಬ್ಬ ಆಸಾಮಿ ಇದ್ದಾನೆ, ಆಲ್ಬರ್ಟ್ ಹಿರ್ಷ್‌ಮನ್ ಅಂತ, ಅರ್ಥಶಾಸ್ತ್ರದವನು. 1970ರ ಅವನ ಪುಸ್ತಕದ ವಾದ ಇಷ್ಟು: ಬೇಜಾರಾದೋನಿಗೆ ಎರಡು ದಾರಿ, ಜಾಗ ಖಾಲಿ ಮಾಡು, ಇಲ್ಲ ಬಾಯಿ ಮಾಡು. ಅವನಿಗೆ ಇದು ಹೊಳೆದದ್ದು ನೈಜೀರಿಯಾದ ರೈಲು ನೋಡಿ. ಅಲ್ಲಿ ಕಡ್ಲೇಕಾಯಿ ಸಾಗಿಸೋರು ರೈಲಿನ ಸಹವಾಸ ಬೇಡ ಅಂತ ಲಾರಿಗೆ ಹೋಗಿಬಿಟ್ರು. ಜೋರಾಗಿ ಗಲಾಟೆ ಮಾಡಬಹುದಾಗಿದ್ದೋರೇ ಹೊರಟುಹೋದ್ರೆ ರೈಲಿನೋರಿಗೆ ಏನು ಚಿಂತೆ? ರೈಲು ಇನ್ನೂ ಹದಗೆಟ್ಟೇ ಇತ್ತು.

ಪಾಪ, ಹಿರ್ಷ್‌ಮನ್ ನಮ್ಮೋರನ್ನ ನೋಡಿರಲಿಲ್ಲ. ನಾವು ಜಾಗಾನೂ ಖಾಲಿ ಮಾಡ್ತೀವಿ, ಬಾಯೂ ಮಾಡ್ತೀವಿ. ಅದೂ ಮೊದಲು ಜಾಗ ಖಾಲಿ ಮಾಡಿ ಆಮೇಲೆ ಬಾಯಿ! ಕೋಪ ಮಾಡ್ಕೋಬೇಡಿ, ಅಲ್ಲಿದ್ದಾಗ ವಾರ್ಡ್ ಸಮಿತಿ ಸಭೆ ಅಂತ ಒಂದಿತ್ತಲ್ಲ, ಒಂದ್ಸಲನಾದ್ರೂ ಹೋಗಿದ್ರಾ? ನಿಮ್ಮ ಕಾರ್ಪೊರೇಟರ್ ಹೆಸರು? 2020ರ ಸೆಪ್ಟೆಂಬರ್‌ನಲ್ಲಿ ಆ ಕಾರ್ಪೊರೇಟರ್‌ಗಳ ಅವಧಿ ಮುಗಿದು, ಎಲೆಕ್ಷನ್ ಇಲ್ಲದೆ ವರ್ಷಗಟ್ಟಲೆ ಕಳೀತು, ಅದರ ಬಗ್ಗೆ ಕುಕ್ಕರಹಳ್ಳಿ ಬೆಂಚಿನ ಮೇಲೆ ಒಂದು ಮಾತಿಲ್ಲ. ಗುಂಡಿ ಬಗ್ಗೆ ಮಾತ್ರ ಪುರಾಣ.

ಈಗ ಗುಂಡಿ ಬಗ್ಗೆ ಬಾಯಿ ಮಾಡ್ಬೇಕಾದೋರು ಗುಂಡಿ ಪಕ್ಕದಲ್ಲೇ ಇದ್ದಾರೆ, ಆದ್ರೆ ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ಸಿಕ್ಕಾಕ್ಕೊಂಡಿದಾರೆ. ಅವರಿಗೆ ಪುರುಸೊತ್ತಿಲ್ಲ. ನಿಮಗೆ ಪುರುಸೊತ್ತಿದೆ, ಗುಂಡಿ ಇಲ್ಲ.

ಇದೇನು ಬೆಂಗಳೂರಿಗೆ ಮಾತ್ರ ಬಂದ ಶನಿ ಅಲ್ಲ ಬಿಡಿ. ಕಲಬುರಗಿಯಿಂದ ಬೆಂಗಳೂರಿಗೆ ಬಂದವರು 'ಏನ್ ಬಿಸಿಲ್ರೀ ನಮ್ ಕಡಿ, ತಲಿ ಸುಟ್ಟು ಹೋಗ್ತದ' ಅಂತಾರೆ, ಜೋಳದ ರೊಟ್ಟಿ ನೆನೆಸ್ಕೊಂಡು ಮುಖ ಸಣ್ಣ ಮಾಡ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೂತ ಅಣ್ಣ ಇಂಡಿಯಾ ಉದ್ಧಾರ ಆಗಲ್ಲ ಅಂತಾನೆ. ಅವನೇ ವಾಪಸ್ ಬಂದ್ರೆ ಅಮೆರಿಕದ ಹೆಲ್ತ್ ಇನ್ಶೂರೆನ್ಸ್‌ನ ಬೈಯೋಕೆ ಶುರು.

ಆದ್ರೆ ಒಂದು ಕಟ್ಟಳೆ ಇದೆ. ಬೈಯೋ ಹಕ್ಕು ನಿಮಗೆ ಮಾತ್ರ. ತವರನ್ನ ಮಗಳು ಎಷ್ಟು ಬೇಕಾದ್ರೂ ಆಡ್ಕೋಬಹುದು, ಗಂಡ ಒಂದು ಮಾತು ಅಂದ ಅಂದ್ರೆ ಅವತ್ತು ಸಾರಿಗೆ ಉಪ್ಪಿಲ್ಲ. ಹೋದ ದಸರಾಕ್ಕೆ ದಿಲ್ಲಿಯಿಂದ ನಿಮ್ಮ ಷಡ್ಡಕ ಬಂದಿದ್ರಲ್ಲ, 'ಬೆಂಗಳೂರು ಯೂಸ್‌ಲೆಸ್ ಸಿಟಿ' ಅಂತ ಅಂದೇ ಅಂದ್ರು. ನೀವು ಕೈಲಿದ್ದ ಮೈಸೂರು ಪಾಕ್ ತಟ್ಟೆಗೆ ಹಾಕಿದ್ರಿ.

'ಏನ್ ಸ್ವಾಮೀ ಯೂಸ್‌ಲೆಸ್? ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ ನಮ್ಮೂರು, ಜೂನ್‌ನಲ್ಲಿ ಫ್ಯಾನ್ ಹಾಕ್ದೆ ಮಲಗ್ತೀವಿ, ನಿಮ್ಮ ದಿಲ್ಲೀಲಿ ಆಗುತ್ತಾ? 240 ಎಕರೆ ಲಾಲ್‌ಬಾಗ್ ಇದೆ ಊರ ಮಧ್ಯ!' ನಮ್ಮೂರು! ನಿಮ್ಮ ಹೆಂಡತಿ ಒಳಗಿಂದ ಇಣುಕಿ ನೋಡಿ ನಕ್ಕಿದ್ದು ನೀವು ನೋಡಲಿಲ್ಲ, ನಾನು ನೋಡಿದೆ.

ಹಂಗಾದ್ರೆ ಮೈಸೂರಿನ ಮೇಲೆ ನಿಮಗೆ ಕಂಪ್ಲೇಂಟೇ ಇಲ್ವಾ? ಇದೆ, ಬೇಕಾದಷ್ಟಿದೆ! ಅಂಗಡಿಯೋನು ಮಧ್ಯಾಹ್ನ ಷಟರ್ ಅರ್ಧ ಇಳಿಸಿ ಊಟಕ್ಕೆ ಹೋಗ್ತಾನೆ. ಪ್ಲಂಬರ್ 'ನಾಳೆ ಬತ್ತೀನಿ ಬುದ್ಧಿ' ಅಂದೋನು ಯಾವ ನಾಳೆ ಅಂತ ಹೇಳಲ್ಲ. ರಾತ್ರಿ ಹತ್ತಕ್ಕೆ ಬೀದಿ ನಾಯಿ ಬಿಟ್ರೆ ನೀವೇ. ಆದ್ರೆ ಇದನ್ನ ಯಾರ ಹತ್ರ ಹೇಳ್ತೀರಿ? ನನ್ನಂಥ ಇಲ್ಲೇ ಹುಟ್ಟಿದೋನ ಹತ್ರ ಹೇಳಿದ್ರೆ 'ಮತ್ತೆ ಯಾಕ್ ಬಂದ್ರಿ? ನೀವು ಬಂದೇ ಸೈಟ್ ರೇಟ್ ಏರಿದ್ದು' ಅಂದುಬಿಡ್ತೀವಿ. ಅದಕ್ಕೇ ಇಲ್ಲಿ ಪ್ಲಂಬರ್ ಕೈಕೊಟ್ಟ ದಿನ ನೀವು ಬೆಂಗಳೂರನ್ನ ಎರಡು ಪಟ್ಟು ಬೈತೀರಿ. ಸುಮಾರು ದಿನದಿಂದ ಗಮನಿಸ್ತಾ ಇದೀನಿ.

ಇಷ್ಟಾದ್ರೂ ತಿಂಗಳಿಗೊಂದ್ಸಲ ಅಲ್ಲಿಗೆ ಹೋಗ್ಲೇಬೇಕು ನಿಮಗೆ. 'ನಮ್ಮ ಡೆಂಟಿಸ್ಟ್ ಅಲ್ಲೇ ಇರೋದು' ಅಂತೀರಿ. ಮೈಸೂರಲ್ಲಿ ಹಲ್ಲು ಕೀಳೋರೇ ಇಲ್ವಾ? 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದದ್ದೇ ನಿಮಗೆ ನೆಪ ಸಲೀಸಾಯ್ತು. ಗಣಂಗೂರಲ್ಲಿ ಟೋಲ್ ಕಟ್ಟಿ, ಬಿಡದಿ ಹತ್ರ ಇನ್ನೊಂದ್ಸಲ ಕಟ್ಟಿ, ಕೆಂಗೇರಿ ಬರ್ತಿದ್ದಂಗೆ ಗಾಜು ಇಳಿಸಿ 'ಥೂ, ಏನ್ ಹೊಗೆ' ಅಂತೀರಿ. ಹೊಗೆ ಇದ್ರೆ ಗಾಜು ಏರಿಸ್ಬೇಕು ತಾನೇ?

ಅಲ್ಲಿಂದ ಸೀದಾ ಡೆಂಟಿಸ್ಟ್ ಹತ್ರ ಹೋಗ್ತೀರಾ? ಗಾಂಧಿ ಬಜಾರ್! ವಿದ್ಯಾರ್ಥಿ ಭವನದ ಮುಂದೆ ನಿಂತು, ಹೆಸರು ಬರೆಸಿ, ಮುಕ್ಕಾಲು ಗಂಟೆ ಫುಟ್‌ಪಾತ್ ಮೇಲೆ ಕಾದು ದೋಸೆ ತಿಂತೀರಿ. (ನಜರ್‌ಬಾದ್ ಮೈಲಾರಿಯಲ್ಲಿ ಹತ್ತು ನಿಮಿಷ ಕಾಯಿಸಿದ್ದಕ್ಕೆ ಎದ್ದುಬಂದ ಮಹಾನುಭಾವರು ನೀವೇ ಅಲ್ವಾ?) ಸಂಜೆಗೆ ವಾಪಸ್ ಬಂದು, ಕಾಲು ಚಾಚಿ, 'ಆ ಊರಲ್ಲಿ ಮನುಷ್ಯ ಇರೋಕಾಗಲ್ಲ ಕಣ್ರೀ' ಅಂತ ನಂಗೆ ಫೋನ್ ಮಾಡ್ತೀರಿ.

ಈ ಶನಿವಾರ ಮತ್ತೆ ಅಪಾಯಿಂಟ್‌ಮೆಂಟ್ ಅಂತೆ, ಗೊತ್ತಾಯ್ತು. ಹೋಗಿ ಬನ್ನಿ, ಚೆನ್ನಾಗಿ ಬೈದು ಬನ್ನಿ. ಬರುವಾಗ ವಿ.ವಿ. ಪುರಂ ಕಡೆಯಿಂದ ಅರ್ಧ ಕೇಜಿ ಕಾಂಗ್ರೆಸ್ ಕಡ್ಲೆಬೀಜ ಮರೀಬೇಡಿ, ಹೋದ ಸಲ ತಂದದ್ದು ಎರಡೇ ದಿನಕ್ಕೆ ಮುಗೀತು.